ಹಳ್ಳಿಯ ಚಿತ್ರಕಾರನಿಗೆ ನಮ್ಮ ಗೋಡೆಯಲ್ಲೊಂದು ಮೊಳೆ

ಸಂಘಗಳ ಸ್ಮರಣಿಕೆಯ ಖರ್ಚು ತವರಿನ ತೈಲವರ್ಣ ಕಲಾವಿದರ ಕೈ ಸೇರಲಿ

ಗ್ರೇಟರ್ ನೋಯ್ಡಾ: ಹೊಸ ಫ್ಲ್ಯಾಟಿನ ಗೃಹಪ್ರವೇಶ ಮುಗಿದು, ಬಂದ ಬಂಧು-ಬಳಗ ಊಟ ಮಾಡಿ ಹೊರಟ ಮೇಲೆ ಮನೆಯವರಿಗೆ ಏಳುವ ಪ್ರಶ್ನೆ ಒಂದೇ. ಸೋಫಾದ ಹಿಂದಿನ ಆ ಖಾಲಿ ಗೋಡೆಗೆ ಏನು ಹಾಕೋಣ? ಹೆಚ್ಚಿನ ಮನೆಗಳಲ್ಲಿ ಉತ್ತರವೂ ಒಂದೇ. ವಾಸ್ತುವಿನ ಹೆಸರಿನಲ್ಲಿ ಓಡುವ ಏಳು ಕುದುರೆಗಳು, ಇಲ್ಲವೇ ಯಾವುದೋ ದೇಶದ ಜಲಪಾತ. ದೂರದಿಂದ ನೋಡಿದರೆ ಕುಂಚದಿಂದ ಬರೆದ ಚಿತ್ರದಂತೆ ಕಾಣುತ್ತದೆ. ಹತ್ತಿರ ಹೋಗಿ ಬೆರಳಾಡಿಸಿದರೆ ಅದು ಯಂತ್ರ ಮುದ್ರಿಸಿದ ಬಟ್ಟೆ.

1991ರಲ್ಲಿ ಅಭಿವೃದ್ಧಿ ಪ್ರಾಧಿಕಾರ ರಚನೆಯಾಗಿ ಬೆಳೆಯತೊಡಗಿದ ಈ ನಗರದಲ್ಲಿ ಇಂಥ ಗೋಡೆಗಳಿಗೆ ಬರವಿಲ್ಲ. ಪರಿ ಚೌಕ್‌ನಿಂದ ಯಾವ ದಿಕ್ಕಿಗೆ ನೋಡಿದರೂ ಮುಗಿಲೆತ್ತರದ ಕಟ್ಟಡಗಳು. ಉದ್ಯೋಗ ನಿಮಿತ್ತ ಬಂದು ನೆಲೆಸಿದ ಹೊರನಾಡ ಕನ್ನಡಿಗರೂ ಈ ಕಟ್ಟಡಗಳಲ್ಲಿದ್ದಾರೆ. ಅತ್ತ ನಮ್ಮ ತವರಿನ ಹಳ್ಳಿ ಹಳ್ಳಿಗಳಲ್ಲಿ ತೈಲವರ್ಣದಲ್ಲಿ ಚಿತ್ರ ಬರೆಯುವ ಕಲಾವಿದರು, ಕಲಾವಿದೆಯರು ಇದ್ದಾರೆ. ಅವರು ಬರೆದ ಚಿತ್ರಗಳು ಗಿರಾಕಿ ಸಿಗದೆ ಅಟ್ಟದ ಮೇಲೆ ಗೋಡೆಗೆ ಒರಗಿ ನಿಂತಿರುತ್ತವೆ. ಇಲ್ಲಿ ಗೋಡೆ ಇದೆ, ಅಲ್ಲಿ ಚಿತ್ರ ಇದೆ. ನಡುವೆ ಎರಡು ಸಾವಿರ ಕಿಲೋಮೀಟರ್ ದೂರವಿದೆ. ಈ ದೂರವನ್ನು ಒಬ್ಬ ಹಳ್ಳಿಯ ಕಲಾವಿದ ಏಕಾಂಗಿಯಾಗಿ ದಾಟುವುದು ಎಷ್ಟು ಕಷ್ಟ, ನಮ್ಮ ಸಂಘ-ಸಂಸ್ಥೆಗಳು ಮನಸ್ಸು ಮಾಡಿದರೆ ಎಷ್ಟು ಸುಲಭ ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದೇ ಕೈ, ಹತ್ತು ಕೆಲಸ

ಹಳ್ಳಿಯಲ್ಲಿರುವ ಚಿತ್ರಕಾರ ಬೆಳಗಿನಿಂದ ಸಂಜೆಯವರೆಗೆ ಕ್ಯಾನ್ವಾಸಿನ ಮುಂದೆ ಕುಳಿತಿರುತ್ತಾನೆ ಎಂದು ಭಾವಿಸಿದರೆ ತಪ್ಪಾದೀತು. ಆತನ ಹೊಟ್ಟೆ ತುಂಬಿಸುವುದು ಬೇರೆ ಬೇರೆ ಕೆಲಸಗಳು. ಶಾಲೆಯ ಗೋಡೆಯ ಮೇಲೆ ಅಕ್ಷರಮಾಲೆ, ಭಾರತದ ನಕಾಶೆ. ಜಾತ್ರೆ ಬಂದರೆ ತೇರಿಗೆ ಬಣ್ಣ. ಭಾದ್ರಪದಕ್ಕೆ ಮೊದಲು ಗಣಪನ ಮೂರ್ತಿಗೆ ಕಣ್ಣು ಬರೆಯುವುದು. ಉತ್ತರ ಕರ್ನಾಟಕದ ಕಡೆ ನಾಟಕದ ಪರದೆ. ತೀರಿಕೊಂಡ ಹಿರಿಯರ ಹಳೆಯ ಸಣ್ಣ ಫೋಟೋ ನೋಡಿ ದೊಡ್ಡ ಭಾವಚಿತ್ರ ಮಾಡಿಕೊಡುವುದು. ಅದೃಷ್ಟವಿದ್ದವರಿಗೆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ. ಇಲ್ಲದವರಿಗೆ ಹೊಲದ ಕೆಲಸ ಇದ್ದೇ ಇದೆ.

ಒಂದು ಕಾಲದಲ್ಲಿ ಅಂಗಡಿಯ ಬೋರ್ಡು ಬರೆಯುವುದೂ ಈ ಪಟ್ಟಿಯಲ್ಲಿತ್ತು. ಸಣ್ಣ ಪೇಟೆಯ ಬಸ್ ನಿಲ್ದಾಣದ ಪಕ್ಕ 'ಆರ್ಟ್ಸ್' ಎಂಬ ಹೆಸರು ಹೊತ್ತ ಒಂದು ಗೂಡಂಗಡಿ ಇರುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಫ್ಲೆಕ್ಸ್ ಬಂದಿತು, ಆ ಗೂಡಂಗಡಿಗಳಲ್ಲಿ ಬಹುಪಾಲು ಬಾಗಿಲು ಹಾಕಿದವು. ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ತಿಥಿಗೂ ಫ್ಲೆಕ್ಸ್. ಬೋರ್ಡಿನಿಂದ ಬರುತ್ತಿದ್ದ ನಾಲ್ಕು ಕಾಸಿನಲ್ಲಿ ಬಣ್ಣದ ಟ್ಯೂಬು ಕೊಂಡು ತನ್ನ ಸಂತೋಷಕ್ಕೆ ಚಿತ್ರ ಬರೆಯುತ್ತಿದ್ದವನಿಗೆ ಈಗ ಚಿತ್ರವನ್ನೇ ಮಾರಬೇಕಾದ ಅನಿವಾರ್ಯತೆ ಬಂದೊದಗಿದೆ.

ಕಲಿಕೆಯ ವಿಷಯಕ್ಕೆ ಬಂದರೆ ನಮ್ಮ ನಾಡು ಬಡವಲ್ಲ. ಧಾರವಾಡದಲ್ಲಿ ಡಿ. ವಿ. ಹಾಲಭಾವಿ ಅವರು, ಗದಗಿನಲ್ಲಿ ಟಿ. ಪಿ. ಅಕ್ಕಿ ಅವರು ಕಟ್ಟಿದ ಕಲಾಶಾಲೆಗಳು ಸುತ್ತಲಿನ ಹಳ್ಳಿಗಳ ಮಕ್ಕಳ ಕೈಗೆ ಕುಂಚ ಕೊಟ್ಟವು. 'ಚಂದಮಾಮ'ದ ಚಿತ್ರಗಳಿಂದ ಮನೆಮಾತಾಗಿದ್ದ ಎಂ. ಟಿ. ವಿ. ಆಚಾರ್ಯ ಅವರು ಅಂಚೆಯ ಮೂಲಕವೇ ಚಿತ್ರಕಲೆ ಕಲಿಸಿದರು. ಹೀಗೆ ಚಿತ್ರ ಬರೆಯಲು ಕಲಿಸಿದ ಗುರುಗಳು ನಮಗೆ ಅನೇಕರಿದ್ದಾರೆ. ಬರೆದದ್ದನ್ನು ಮಾರುವ ದಾರಿ ತೋರಿಸಿದವರು ಮಾತ್ರ ವಿರಳ.

ಅಗಸೆ ಎಣ್ಣೆಯ ತಾಳ್ಮೆ

ತೈಲವರ್ಣ ಎಂದರೆ ಪುಡಿ ಮಾಡಿದ ಬಣ್ಣವನ್ನು ಎಣ್ಣೆಯಲ್ಲಿ ಅರೆದದ್ದು. ಆ ಎಣ್ಣೆ ಯಾವುದು ಗೊತ್ತೇ? ಬಹುತೇಕ ಅಗಸೆ ಬೀಜದ ಎಣ್ಣೆ. ಜೋಳದ ರೊಟ್ಟಿಯ ಜೊತೆ ನಾವು ಹಚ್ಚಿಕೊಂಡು ತಿನ್ನುವ ಅಗಸಿ ಚಟ್ನಿಯ ಅದೇ ಅಗಸೆ! ಈ ಎಣ್ಣೆ ನೀರಿನಂತೆ ಆರಿ ಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾಗಿ ಬಳಿದ ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ದಿನಗಳಿಂದ ಎರಡು ಮೂರು ವಾರ ಬೇಕು. ಕಂದು ಬಣ್ಣಗಳು ಬೇಗ ಒಣಗುತ್ತವೆ, ಕೆಲವು ಕೆಂಪು, ಹಳದಿ ಬಣ್ಣಗಳು ತಡ ಮಾಡುತ್ತವೆ. ದಪ್ಪವಾಗಿ ಮೆತ್ತಿದ ಬಣ್ಣ ಒಳಗಿನವರೆಗೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೇಲಿನ ರಕ್ಷಣೆಯ ವಾರ್ನಿಷನ್ನು ಸಾಮಾನ್ಯವಾಗಿ ಆರು ತಿಂಗಳ ನಂತರವೇ ಹಚ್ಚುವುದು. ಚಳಿಯಲ್ಲಿ, ಕತ್ತಲೆಯ ಕೋಣೆಯಲ್ಲಿ ಒಣಗುವುದು ಇನ್ನೂ ನಿಧಾನ.

ಇದರ ಅರ್ಥ ವ್ಯಾಪಾರದ ಭಾಷೆಯಲ್ಲಿ ಇಷ್ಟೇ. ಇಂದು ಬರೆದ ಚಿತ್ರ ನಾಳೆ ಸಂತೆಗೆ ಹೋಗದು. ದೀಪಾವಳಿಗೆ ಮಾರಬೇಕಾದದ್ದನ್ನು ಬೇಸಿಗೆಯಲ್ಲೇ ಬರೆದಿಡಬೇಕು. ಬಣ್ಣ, ಬ್ರಶ್ಶು, ಕ್ಯಾನ್ವಾಸು, ಟರ್ಪೆಂಟೈನ್ ಎಲ್ಲಕ್ಕೂ ಮುಂಚೆಯೇ ಹಣ ಹಾಕಬೇಕು. ಆ ಹಣ ಮರಳಿ ಬರುವುದು ಯಾವಾಗಲೋ, ಬರುತ್ತದೆಯೋ ಇಲ್ಲವೋ. ಬಿತ್ತಿ ಮಳೆಗಾಗಿ ಕಾಯುವ ರೈತನ ಪಾಡಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ದೆಹಲಿಯವರೆಗಿನ ದಾರಿ

ಹಾಗೆ ಬರೆದಿಟ್ಟ ಹತ್ತು ಚಿತ್ರಗಳನ್ನು ರಾಜಧಾನಿಯ ಕಡೆ ತರಬೇಕೆಂದು ಒಬ್ಬ ಕಲಾವಿದ ಹೊರಟ ಎಂದಿಟ್ಟುಕೊಳ್ಳಿ. ರೈಲಿನ ಸ್ಲೀಪರ್ ದರ್ಜೆಯಲ್ಲಿ ಒಬ್ಬ ಪ್ರಯಾಣಿಕ ಉಚಿತವಾಗಿ ಒಯ್ಯಬಹುದಾದ ಸಾಮಾನು 40 ಕಿಲೋ. ಪೆಟ್ಟಿಗೆಯ ಅಳತೆ 100 ಸೆಂಟಿಮೀಟರ್ ಉದ್ದ, 60 ಅಗಲ, 25 ಎತ್ತರ ಮೀರಬಾರದು. ಮೂರು ಅಡಿಗೆ ನಾಲ್ಕು ಅಡಿಯ ಚಿತ್ರ ಈ ಲೆಕ್ಕಕ್ಕೆ ಸಿಗದು. ಆದ್ದರಿಂದ ಕ್ಯಾನ್ವಾಸನ್ನು ಮರದ ಚೌಕಟ್ಟಿನಿಂದ ಬಿಚ್ಚಿ, ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಿ, ಪ್ಲಾಸ್ಟಿಕ್ ಪೈಪಿನೊಳಗೆ ಇಟ್ಟು ತರುವುದು ರೂಢಿ. ಬಣ್ಣದ ಮುಖ ಒಳಗಾದರೆ ಪದರ ಮಡಚಿ ಬಿರುಕು ಬಿಡುವ ಅಪಾಯ ಹೆಚ್ಚು. ಪೂರ್ತಿ ಒಣಗದಿದ್ದರೆ ಒಂದಕ್ಕೊಂದು ಅಂಟಿಕೊಂಡು ಆರು ತಿಂಗಳ ದುಡಿಮೆ ಹಾಳು.

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಹೊರಟವರಿಗೆ ಎರಡು ರಾತ್ರಿಗಳ ಪ್ರಯಾಣ. ಗ್ರೇಟರ್ ನೋಯ್ಡಾಕ್ಕೆ ಬರಬೇಕಾದರೆ ಅಲ್ಲಿಂದ ಮೆಟ್ರೋ ನೀಲಿ ಮಾರ್ಗದಲ್ಲಿ ನೋಯ್ಡಾ ಸೆಕ್ಟರ್ 52, ಬಳಿಕ 2019ರಲ್ಲಿ ಆರಂಭವಾದ ಅಕ್ವಾ ಮಾರ್ಗಕ್ಕೆ ಬದಲಾವಣೆ. ಕೈಯಲ್ಲಿ ಉದ್ದನೆಯ ಪೈಪು, ಹೆಗಲಿಗೆ ಚೀಲ, ಬಾಯಲ್ಲಿ ಅರೆಬರೆ ಹಿಂದಿ. ತಲುಪಿದ ಮೇಲೆ ಚೌಕಟ್ಟು ಮತ್ತೆ ಮಾಡಿಸಬೇಕು, ತಂಗಲು ಜಾಗ ನೋಡಬೇಕು, ಊಟದ ಖರ್ಚು ನೋಡಬೇಕು. ಮಾರಾಟ ಆರಂಭವಾಗುವ ಮೊದಲೇ ಒಂದೆರಡು ಚಿತ್ರಗಳ ಬೆಲೆ ಕೈಬಿಟ್ಟಿರುತ್ತದೆ.

ಮಳಿಗೆ ಇದೆ, ಜಾಗವಿಲ್ಲ

ಗ್ರೇಟರ್ ನೋಯ್ಡಾದ ನಾಲೆಡ್ಜ್ ಪಾರ್ಕ್-2ರಲ್ಲಿರುವ ಇಂಡಿಯಾ ಎಕ್ಸ್‌ಪೋ ಸೆಂಟರ್ ದೇಶದ ದೊಡ್ಡ ಪ್ರದರ್ಶನ ಕೇಂದ್ರಗಳಲ್ಲೊಂದು. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿಯ ಬೃಹತ್ ಮೇಳ ವರ್ಷಕ್ಕೆರಡು ಬಾರಿ ಇಲ್ಲಿ ನಡೆಯುತ್ತದೆ. ಆದರೆ ಅದು ರಫ್ತುದಾರರಿಗೂ ಸಗಟು ಖರೀದಿದಾರರಿಗೂ ಮೀಸಲಾದ ಮೇಳ. ವಿದೇಶದಿಂದ ಬಂದವರು ಒಂದೇ ನಮೂನೆಯ ಸಾವಿರ ದೀಪ, ಎರಡು ಸಾವಿರ ಬುಟ್ಟಿ ಎಂದು ಬೇಡಿಕೆ ಸಲ್ಲಿಸುತ್ತಾರೆ. ಒಂದೇ ಒಂದು ಚಿತ್ರವಿದೆ, ಅದರಂಥ ಇನ್ನೊಂದಿಲ್ಲ ಎನ್ನುವವನಿಗೆ ಅಲ್ಲಿ ಏನು ಕೆಲಸ?

ಪಕ್ಕದ ನೋಯ್ಡಾದ ಸೆಕ್ಟರ್ 33ಎಯಲ್ಲಿರುವ ನೋಯ್ಡಾ ಹಾಟ್‌ನಲ್ಲಿ ನಡೆದಿರುವ ಸರಸ್ ಆಜೀವಿಕಾ ಮೇಳಗಳು ಗ್ರಾಮೀಣ ಸ್ವಸಹಾಯ ಸಂಘಗಳ ಮಹಿಳೆಯರಿಗಾಗಿ. 1994ರಲ್ಲಿ ಆರಂಭವಾದ ಐಎನ್‌ಎ ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಗಳಿಗೆ ಸರದಿಯ ಮೇಲೆ ಮಳಿಗೆ ದೊರೆಯುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಕರಕುಶಲದ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ತನ್ನೂರಿನ ಕೆರೆಯನ್ನೋ, ಸಂತೆಯನ್ನೋ ತೈಲವರ್ಣದಲ್ಲಿ ಬರೆದವನು ಮಾತ್ರ ಕರಕುಶಲದ ಲೆಕ್ಕಕ್ಕೆ ಸುಲಭವಾಗಿ ಸೇರುವುದಿಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯನ್ನೇ ನೋಡಿ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಶಿಲ್ಪಿ, ಗೊಂಬೆ ಮಾಡುವವರು, ಹೂಮಾಲೆ ಕಟ್ಟುವವರು ಹೀಗೆ 18 ಕಸುಬುಗಳಿಗೆ ಅಲ್ಲಿ ನೆರವಿದೆ. ಇದು ಶ್ಲಾಘನೀಯ. ಆದರೆ ಆ ಹದಿನೆಂಟರಲ್ಲಿ ಚಿತ್ರಕಾರನಿಲ್ಲ. ಕುಶಲಕರ್ಮಿಗಳ ಸಾಲಿನಲ್ಲಿ ನಿಂತರೆ 'ನೀವು ಕಲಾವಿದರು' ಎನ್ನುತ್ತಾರೆ. ಕಲಾವಿದರ ಸಾಲಿನಲ್ಲಿ ನಿಂತರೆ 'ಎಲ್ಲೆಲ್ಲಿ ಪ್ರದರ್ಶನ ಮಾಡಿದ್ದೀರಿ?' ಎಂದು ಕೇಳುತ್ತಾರೆ.

ಇನ್ನು ಖಾಸಗಿ ಗ್ಯಾಲರಿಗಳು. ಮಾರಾಟದ ಬೆಲೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗ್ಯಾಲರಿಯ ಪಾಲಾಗುವುದು ಸಾಮಾನ್ಯ. ಉದಾಹರಣೆಗೆ ಹತ್ತು ಸಾವಿರ ರೂಪಾಯಿಯ ಚಿತ್ರದಲ್ಲಿ ಶೇ. 40 ಹೋದರೆ ಉಳಿಯುವುದು ಆರು ಸಾವಿರ. ಅದರಲ್ಲಿ ಬಣ್ಣ, ಕ್ಯಾನ್ವಾಸು, ಚೌಕಟ್ಟು, ಪ್ರಯಾಣ ಕಳೆಯಬೇಕು. ಗ್ಯಾಲರಿಗೂ ಬಾಡಿಗೆ, ಬೆಳಕು, ಸಿಬ್ಬಂದಿ ಖರ್ಚಿದೆ ನಿಜ. ಆದರೆ ಹೆಸರಿಲ್ಲದ ಹಳ್ಳಿಗನಿಗೆ ಅದರ ಬಾಗಿಲು ತೆರೆಯುವುದೇ ಅಪರೂಪ.

ಅಗ್ಗದ ಪೈಪೋಟಿ ಬೇರೆ ಇದೆ. ಚೀನಾದ ಶೆನ್‌ಜೆನ್ ನಗರದ ದಾಫೆನ್ ಎಂಬ ಹಳ್ಳಿಯಲ್ಲಿ 1989ರಿಂದ ಹೆಸರಾಂತ ಚಿತ್ರಗಳ ನಕಲನ್ನು ಕೈಯಿಂದಲೇ ಬರೆದು ಜಗತ್ತಿಗೆಲ್ಲ ಮಾರಲಾಯಿತು. ವ್ಯಾನ್ ಗೋನ ಸೂರ್ಯಕಾಂತಿ ಹೂಗಳನ್ನು ಡಜನ್ ಲೆಕ್ಕದಲ್ಲಿ ಬರೆದವರೂ ಹಳ್ಳಿಗಾಡಿನಿಂದ ಬಂದ ಚಿತ್ರಕಾರರೇ. ಅವರ ಕೈಗೆ ಕೆಲಸ ಸಿಕ್ಕಿತು, ಆದರೆ ಚಿತ್ರದ ಮೇಲೆ ಅವರ ಹೆಸರಿರಲಿಲ್ಲ. ನಮ್ಮ ಹಳ್ಳಿಯ ಕಲಾವಿದನಿಗೆ ನಾವು ಬಯಸುವ ದಾರಿ ಅದಲ್ಲ.

ಮುಂಬಯಿ ಕಲಿಸಿದ ಪಾಠ

ಹಾಗಾದರೆ ಹಳ್ಳಿಯಿಂದ ಹೊರಟು ಗೆದ್ದವರಿಲ್ಲವೇ? ಇದ್ದಾರೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಗೆ ಬಂದು, ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಪ್ಯಾರಿಸ್‌ವರೆಗೆ ಹೋಗಿ ಬಂದರು. ಆದರೂ ತವರಿನ ಜನಜೀವನವನ್ನು ಚಿತ್ರಗಳಿಂದ ಬಿಡಲಿಲ್ಲ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. ಕಲಬುರಗಿಯಲ್ಲಿ 1916ರಲ್ಲಿ ಜನಿಸಿದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ದೇಶದ ಮನೆ ಮನೆಗಳ ಗೋಡೆಯನ್ನೇರಿ, ಕೊನೆಗೆ ತಮ್ಮ ಊರಿಗೇ ಮರಳಿದರು.

ಇಲ್ಲಿ ಸಂಘಗಳ ಸದಸ್ಯರು ಗಮನಿಸಬೇಕಾದ ಒಂದು ಅಂಶವಿದೆ. ಈ ಇಬ್ಬರೂ ಮುಂಬಯಿಗೆ ಬಂದ ಹೊಸದರಲ್ಲಿ ಕುಂಚ ಹಿಡಿದು ಕುಳಿತದ್ದು ಜಿ. ಎಸ್. ದಂಡಾವತಿಮಠ ಎಂಬ ಕನ್ನಡಿಗರ ನೂತನ ಕಲಾಮಂದಿರದಲ್ಲಿ. ಪ್ರತಿಭೆ ಅವರದೇ, ಪರಿಶ್ರಮ ಅವರದೇ. ಆದರೆ ಪರಊರಿನಲ್ಲಿ ಮೊದಲ ಬಾಗಿಲು ತೆರೆದವರು ತಮ್ಮ ಭಾಷೆಯವರೇ ಆಗಿದ್ದರು. ಹೊರನಾಡಿನಲ್ಲಿ ಒಬ್ಬ ಕನ್ನಡಿಗ ಇನ್ನೊಬ್ಬ ಕನ್ನಡಿಗನಿಗೆ ಕೊಟ್ಟ ಜಾಗ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನೊಂದು ನಿದರ್ಶನ ಬೆಂಗಳೂರಿನದು. ಎಂ. ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಕರ್ನಾಟಕ ಚಿತ್ರಕಲಾ ಪರಿಷತ್ತು 2004ರಲ್ಲಿ 'ಚಿತ್ರಸಂತೆ'ಯನ್ನು ಆರಂಭಿಸಿತು. ಕುಮಾರಕೃಪಾ ರಸ್ತೆಯೇ ಒಂದು ದಿನದ ಮಟ್ಟಿಗೆ ಕಲಾಸಂತೆಯಾಗುತ್ತದೆ. ದೇಶದ ನಾನಾ ರಾಜ್ಯಗಳಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ಬಂದು ರಸ್ತೆ ಬದಿಯಲ್ಲಿ ಚಿತ್ರ ಇಟ್ಟು ಕೂರುತ್ತಾರೆ. ನೂರು ರೂಪಾಯಿಯ ಚಿತ್ರವೂ ಇದೆ, ಲಕ್ಷದ ಚಿತ್ರವೂ ಇದೆ. ಕೊಳ್ಳುವವರಿಗೂ ಬರೆದವರಿಗೂ ನಡುವೆ ಯಾರೂ ಇಲ್ಲ. ಗ್ಯಾಲರಿಯ ಗಾಜಿನ ಬಾಗಿಲು ದಾಟಲು ಹಿಂಜರಿಯುವ ಮಧ್ಯಮ ವರ್ಗದವರೂ ಮಕ್ಕಳ ಕೈ ಹಿಡಿದು ಬಂದು, ಚೌಕಾಸಿ ಮಾಡಿ, ಒಂದು ಚಿತ್ರ ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಾರೆ. ಚಿತ್ರ ಕೊಳ್ಳುವ ಆಸೆ ಜನರಲ್ಲಿ ಇಲ್ಲವೆಂಬ ಮಾತನ್ನು ಈ ಸಂತೆ ಸುಳ್ಳು ಮಾಡಿತು.

ಶಾಲಿನ ಜೊತೆ ಚಿತ್ರವೂ ಇರಲಿ

ನಮ್ಮ ಸಂಘಗಳ ಕಾರ್ಯಕ್ರಮಗಳು ಹೇಗಿರುತ್ತವೆ ಎಂಬುದು ಎಲ್ಲರಿಗೂ ತಿಳಿದದ್ದೇ. ಯುಗಾದಿ, ಗಣೇಶೋತ್ಸವ, ರಾಜ್ಯೋತ್ಸವ. ಪ್ರತಿ ವೇದಿಕೆಯಲ್ಲೂ ಗಣ್ಯರಿಗೆ ಶಾಲು, ಹಾರ, ಫಲತಾಂಬೂಲ, ಕೊನೆಗೊಂದು ಸ್ಮರಣಿಕೆ. ಆ ಸ್ಮರಣಿಕೆ ಎಲ್ಲಿಂದ ಬರುತ್ತದೆ? ಟ್ರೋಫಿ ಅಂಗಡಿಯಿಂದ. ಗಾಜಿನದೋ, ಪ್ಲಾಸ್ಟಿಕ್ಕಿನದೋ, ಹಿತ್ತಾಳೆ ಬಣ್ಣ ಬಳಿದದ್ದೋ. ಪಡೆದವರ ಮನೆಯಲ್ಲಿ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತದೆ.

ಆ ಹಣದಲ್ಲೇ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಎಂಟು ಅಂಗುಲಕ್ಕೆ ಹತ್ತು ಅಂಗುಲದ ಅಸಲಿ ತೈಲವರ್ಣ ಚಿತ್ರವೊಂದನ್ನು ಹಳ್ಳಿಯ ಕಲಾವಿದರಿಂದ ಬರೆಸಲು ಸಾಧ್ಯವಿಲ್ಲವೇ? ಹಣ ಒಂದಿಷ್ಟು ಹೆಚ್ಚಾದರೂ ಆಗಲಿ. ಆರು ತಿಂಗಳು ಮೊದಲೇ ಬೇಡಿಕೆ ತಿಳಿಸಿ, ಅರ್ಧ ಹಣ ಮುಂಗಡ ಕೊಟ್ಟರೆ ಆತನ ಬಣ್ಣದ ಖರ್ಚು ನೀಗುತ್ತದೆ, ಚಿತ್ರ ಒಣಗಲು ಸಮಯವೂ ಸಿಗುತ್ತದೆ. ಸಣ್ಣ ಚಿತ್ರಗಳಾದ್ದರಿಂದ ಪಾರ್ಸೆಲ್ ಸುಲಭ. ವರ್ಷಕ್ಕೆ ಇಪ್ಪತ್ತು ಸ್ಮರಣಿಕೆ ಕೊಡುವ ಸಂಘವೊಂದು ಒಬ್ಬ ಕಲಾವಿದನಿಗೆ ಇಪ್ಪತ್ತು ಚಿತ್ರಗಳ ಖಚಿತ ಗಿರಾಕಿಯಾಗುತ್ತದೆ. ಹಿಂದೆ ಕಲಾವಿದನ ಹೆಸರು, ಊರು ಬರೆದಿರಲಿ. ಗಣ್ಯರ ಮನೆಯ ಗೋಡೆಯ ಮೇಲೆ ಬಾದಾಮಿಯ ಬಂಡೆಯೋ, ಮಲೆನಾಡಿನ ಮಳೆಯೋ ನೇತಾಡಲಿ.

ಎರಡನೆಯ ಸಲಹೆ ಜಾಗದ ಕುರಿತಾದದ್ದು. ಆರ್. ಕೆ. ಪುರಂನ ದೆಹಲಿ ಕರ್ನಾಟಕ ಸಂಘಕ್ಕೆ ಸ್ವಂತ ಕಟ್ಟಡವಿದೆ. ಎನ್‌ಸಿಆರ್‌ನ ವಸತಿ ಸಮುಚ್ಚಯಗಳಲ್ಲಿ ಸಮುದಾಯ ಭವನಗಳಿವೆ. ರಾಜ್ಯೋತ್ಸವದ ದಿನ ಊಟದ ಸಾಲಿನ ಪಕ್ಕದ ಗೋಡೆಗೆ ಹತ್ತು ಚಿತ್ರ ತೂಗು ಹಾಕಿದರೆ ಸಾಕು, ಅದೇ ಒಂದು ಚಿತ್ರಸಂತೆ. ಬಿಸಿಬೇಳೆಭಾತಿಗಾಗಿ ಕಾಯುವ ಅರ್ಧ ಗಂಟೆಯಲ್ಲಿ ನೂರಾರು ಜನ ಚಿತ್ರ ನೋಡುತ್ತಾರೆ. ಬಂದ ಕಲಾವಿದನಿಗೆ ಸದಸ್ಯರೊಬ್ಬರ ಮನೆಯಲ್ಲಿ ನಾಲ್ಕು ದಿನ ಊಟ, ವಸತಿ ಕೊಟ್ಟರೆ ಅವನ ಅರ್ಧ ಖರ್ಚು ಉಳಿಯಿತು. ಸಂಘ ಕಮಿಷನ್ ಪಡೆಯದಿದ್ದರೆ ಅದೇ ದೊಡ್ಡ ಸನ್ಮಾನ.

ಮೂರನೆಯದು, ಕೊಳ್ಳುವವರಾದ ನಮ್ಮ ನಡವಳಿಕೆ. 'ಇದು ಪ್ರಿಂಟಾ?' 'ಫ್ರೇಮಿಗೆ ಎಷ್ಟು, ಚಿತ್ರಕ್ಕೆ ಎಷ್ಟು?' 'ನನ್ನ ಮಗಳೂ ಇಂಥದ್ದು ಬರೀತಾಳೆ' ಎಂಬ ಮಾತುಗಳನ್ನು ಕೇಳದ ಚಿತ್ರಕಾರನಿಲ್ಲ. ತರಕಾರಿ ಸಂತೆಯ ಹಾಗೆ ಅರ್ಧ ಬೆಲೆಗೆ ಕೇಳುವ ಮುನ್ನ ಎಷ್ಟು ದಿನದ ಕೆಲಸ ಎಂದು ಒಮ್ಮೆ ವಿಚಾರಿಸಿ. ಒಂದೇ ಸಲ ಕೊಡಲಾಗದಿದ್ದರೆ ಎರಡು ಮೂರು ಕಂತು ಮಾಡಿಕೊಳ್ಳಿ, ಆದರೆ ಹೇಳಿದ ದಿನಕ್ಕೆ ಕೊಟ್ಟುಬಿಡಿ. ಕೈಯಿಂದ ಬರೆದ ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ ಎಂಬುದೂ ತಿಳಿದಿರಲಿ.

ಚಿತ್ರ ಮನೆಗೆ ಬಂದ ಮೇಲೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡ, ಒಗ್ಗರಣೆಯ ಹೊಗೆ ತಾಗುವ ಜಾಗ ಬೇಡ. ಒದ್ದೆ ಬಟ್ಟೆಯಿಂದ ಒರೆಸುವುದು ಬೇಡವೇ ಬೇಡ. ಇಲ್ಲಿನ ಧೂಳಿಗೆ ಮೃದುವಾದ ಒಣ ಬ್ರಶ್ಶಿನಿಂದ ಹಗುರವಾಗಿ ಕೊಡವಿದರೆ ಸಾಕು. ಇಷ್ಟು ಕಾಳಜಿ ವಹಿಸಿದರೆ ಆ ಚಿತ್ರ ನಿಮ್ಮ ಮೊಮ್ಮಕ್ಕಳ ಗೃಹಪ್ರವೇಶಕ್ಕೂ ಇರುತ್ತದೆ.

ನಾವು ಊರು ಬಿಟ್ಟು ಬಂದವರು. ಊರಿನ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ತರಿಸಿಕೊಳ್ಳಲು ಎಷ್ಟು ಖರ್ಚಾದರೂ ಹಿಂದೆ ಮುಂದೆ ನೋಡುವುದಿಲ್ಲ. ಅದೇ ಊರಿನ ಬೆಳಕನ್ನು, ಅದೇ ಊರಿನ ಕೈ ಬರೆದದ್ದನ್ನು ತರಿಸಿಕೊಳ್ಳಲು ಯಾಕೆ ಹಿಂಜರಿಯಬೇಕು? ಮುಂದಿನ ರಾಜ್ಯೋತ್ಸವದ ಸಿದ್ಧತಾ ಸಭೆಯಲ್ಲಿ ಸ್ಮರಣಿಕೆಯ ವಿಷಯ ಬಂದಾಗ ಯಾರಾದರೊಬ್ಬರು ಎದ್ದು ನಿಂತು ಈ ಮಾತು ಪ್ರಸ್ತಾಪಿಸಲಿ. ಏಳು ಕುದುರೆಗಳು ಸಾಕಷ್ಟು ಓಡಿವೆ. ಅವನ್ನು ಇಳಿಸಿದರೆ ಮೊಳೆ ಹೇಗೂ ಗೋಡೆಯಲ್ಲೇ ಇದೆ.